ಕುಂಡದ ಸೌತೆಬಳ್ಳಿಯೂ ಅದರ ಎರಡು ಬಗೆಯ ಹೂಗಳೂ

ಈ ಪುಟವನ್ನು ತಪ್ಪದೆ ಓದುವ ಗೃಹಸ್ಥರೊಬ್ಬರು ಹೋದ ತಿಂಗಳು ನಮಗೆ ಬರೆದ ಕಾಗದದಲ್ಲಿ ಒಂದು ದೊಡ್ಡ ದೂರನ್ನು ತೋಡಿಕೊಂಡಿರುವರು. ಮಾಳಿಗೆಯ ಮೇಲೆ ಕುಂಡದಲ್ಲಿ ಸೌತೆಯ ಬೀಜವನ್ನು ಹಾಕಿದರಂತೆ. ಬಳ್ಳಿ ಸೊಂಪಾಗಿ ಹಬ್ಬಿತಂತೆ. ಹಳದಿಯ ಹೂಗಳು ದಿನಕ್ಕೆ ಹತ್ತು ಹನ್ನೆರಡರಂತೆ ಅರಳಿದುವಂತೆ. ಆದರೆ ಹದಿನೈದು ದಿನಗಳಾದರೂ ಒಂದು ಕಾಯಿಯೂ ನಿಲ್ಲಲಿಲ್ಲವಂತೆ. ಅರಳಿದ ಹೂವೆಲ್ಲ ಮರುದಿನ ನೆಲದ ಪಾಲು. “ಈ ಬಳ್ಳಿ ಬಂಜೆಯೆಂದು ಮನೆಯವರೆಲ್ಲ ಹೇಳುತ್ತಿರುವರು, ಕಿತ್ತುಹಾಕಲೆ?” ಎಂದು ಅವರ ಪ್ರಶ್ನೆ. ಕೀಳಬೇಡಿರೆಂದು ಅಂದೇ ಉತ್ತರ ಬರೆದೆವು. ಆದರೆ ಇದೇ ಸಂಶಯವು ಇನ್ನೂ ಅನೇಕರ ಮನೆಗಳಲ್ಲಿ ಉಂಟೆಂದು ಬಲ್ಲೆವಾದುದರಿಂದಲೂ, ನಮ್ಮ ಮನೆಯಲ್ಲಿಯೇ ಇದರಿಂದ ಒಂದು ಚಿಕ್ಕ ಅನ್ಯಾಯ ನಡೆದುಹೋದುದರಿಂದಲೂ, ಈ ತಿಂಗಳು ಸೌತೆಯ ವಿಷಯವನ್ನೇ ಕೈಗೆತ್ತಿಕೊಂಡಿರುವೆವು.

ಸೌತೆಯು ಹೊರಗಿನಿಂದ ಬಂದ ತರಕಾರಿಯಲ್ಲ. ನಮ್ಮ ದೇಶದ ಗಿಡವೇ. ಹಿಮಾಲಯದ ತಪ್ಪಲಿನಲ್ಲಿ ಅದರ ಕಾಡು ಬಳಗ ಇಂದಿಗೂ ತಾನಾಗಿ ಬೆಳೆಯುತ್ತದೆ. ಅದರ ಕಾಯಿ ಸಣ್ಣದು, ಬಾಯಿಗಿಡಲಾರದಷ್ಟು ಕಹಿ. ನಾವು ಇಲ್ಲಿ ಹೇಳುವುದು ಹಸಿಯಾಗಿ ತಿನ್ನುವ, ಕೋಸಂಬರಿಗೂ ಮೊಸರುಬಜ್ಜಿಗೂ ಒದಗುವ ಎಳೆಸೌತೆಯ ಮಾತು. ಹುಳಿಗೆ ಹಾಕುವ, ಮಾಡಿನ ಕೆಳಗೆ ತೂಗುಹಾಕಿ ತಿಂಗಳುಗಟ್ಟಲೆ ಇಡುವ ಮಂಗಳೂರು ಸೌತೆಯನ್ನು ಹೆಸರಿನಿಂದ ಸೌತೆಯೆಂದು ಕರೆದರೂ ಸಸ್ಯಶಾಸ್ತ್ರಜ್ಞರು ಅದನ್ನು ಖರ್ಬೂಜದ ಜಾತಿಗೆ ಸೇರಿಸುತ್ತಾರೆ.

ನೆಲವಿಲ್ಲದವರಿಗೆ ಸೌತೆ ಬೆಳೆಯಲಾಗದೆಂಬ ಅಂಜಿಕೆ ಬೇಡ. ರೋಮ್ ಸಾಮ್ರಾಜ್ಯದಲ್ಲಿ 14ರಿಂದ 37ರ ವರೆಗೆ ಆಳಿದ ತಿಬೇರಿಯಸ್ ಚಕ್ರವರ್ತಿಗೆ ದಿನವೂ ಸೌತೆಯಿಲ್ಲದೆ ಊಟ ಸೇರುತ್ತಿರಲಿಲ್ಲವೆಂದೂ, ಅದಕ್ಕಾಗಿ ಅವನ ತೋಟಗಾರರು ಚಕ್ರಗಳ ಮೇಲೆ ಮಣ್ಣಿನ ಪಾತಿಗಳನ್ನು ಕಟ್ಟಿ, ಬಿಸಿಲಿದ್ದಾಗ ಹೊರಕ್ಕೆ ತಳ್ಳಿ, ಚಳಿಯಲ್ಲಿ ಪಾರದರ್ಶಕವಾದ ಶಿಲೆಯ ಹಲಗೆಗಳ ಮರೆಗೆ ಎಳೆದುಕೊಳ್ಳುತ್ತಿದ್ದರೆಂದೂ ಪ್ಲಿನಿಯೆಂಬ ಗ್ರಂಥಕರ್ತನು ಬರೆದಿಟ್ಟಿರುವನು. ಅದು ಸೌತೆಯಲ್ಲ, ಕೆಕ್ಕರಿಕೆಯ ಬಳಗದ ಉದ್ದನೆಯ ಕಾಯಿ ಎಂದು ಈಚಿನ ವಿದ್ವಾಂಸರ ವಾದವುಂಟು. ಅದೇನೇ ಇರಲಿ, ಕುಂಡದ ಬೇಸಾಯ ನಮ್ಮ ಕಾಲದ ಹೊಸ ಹುಚ್ಚಲ್ಲವೆಂಬುದಕ್ಕೆ ಇಷ್ಟು ಸಾಕು.

ನಮಗೆ ಚಕ್ರದ ಪಾತಿ ಬೇಡ. ಬಾಯಿಯೂ ಆಳವೂ ಒಂದೊಂದು ಅಡಿಗೆ ಕಡಮೆಯಿಲ್ಲದ, 15ರಿಂದ 20 ಲೀಟರು ಮಣ್ಣು ಹಿಡಿಯುವ ಪಾತ್ರೆ ಯಾವುದಾದರೂ ಸರಿಯೆ. ಮಣ್ಣಿನ ಕುಂಡ, ಒಡೆದ ಬಕೀಟು, ಪ್ಲಾಸ್ಟಿಕ್ಕಿನ ಚೀಲ, ಎಲ್ಲವೂ ನಡೆಯುವುದು. ತಳದಲ್ಲಿ ಮಾತ್ರ ನಾಲ್ಕಾರು ತೂತುಗಳಿರತಕ್ಕದ್ದು. ಅಂತಹ ಒಂದು ಪಾತ್ರೆಗೆ ಒಂದೇ ಬಳ್ಳಿ. ಆಸೆಯಿಂದ ಮೂರನ್ನು ಬೆಳೆಸಿದರೆ ಮೂರೂ ಬಡಕಲಾಗುವುವು. ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆಯ ಗೊಬ್ಬರ, ತೆಂಗಿನ ನಾರಿನ ಪುಡಿ, ಈ ಮೂರನ್ನೂ ಸಮಪಾಲಾಗಿ ಬೆರಸಿ ತುಂಬಬೇಕು. ಹಸಿಯ ಸಗಣಿಯನ್ನು ಹಾಕಿದರೆ ಬೇರು ಬೆಂದುಹೋಗುವುದು. ಬೀಜವನ್ನು ಅರ್ಧ ಅಂಗುಲದ ಆಳದಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ಬೆಚ್ಚನೆಯ ದಿನಗಳಲ್ಲಿ ನಾಲ್ಕಾರು ದಿವಸಗಳೊಳಗೆ ಮೊಳಕೆ ಕಾಣುವುದು. ಸಸಿಯನ್ನು ಕಿತ್ತು ನೆಡುವುದು ಸೌತೆಗೆ ಹಿಡಿಸದು. ಇರುವ ಕಡೆಯಲ್ಲಿಯೇ ಬಿತ್ತುವುದು ಲೇಸು.

ಬಳ್ಳಿಗೆ ಆರು ಗಂಟೆಗಳ ಬಿಸಿಲು ಬೇಕು, ಹತ್ತಲು ಐದಾರು ಅಡಿಯ ಆಸರೆ ಬೇಕು, ಎಲ್ಲಕ್ಕೂ ಮಿಗಿಲಾಗಿ ನೀರು ಬೇಕು. ಕಾಯಿಯ ತೂಕದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ ಆಗಿರುವಾಗ ಬಳ್ಳಿಯ ಬಾಯಾರಿಕೆ ಎಷ್ಟೆಂಬುದನ್ನು ಗೃಹಿಣಿಯರು ಊಹಿಸಿಕೊಳ್ಳಬಹುದು. ನೆಲದ ಬಳ್ಳಿ ಆಳಕ್ಕೆ ಬೇರಿಳಿಸಿ ಎರಡು ದಿನ ತಾಳೀತು. ಕುಂಡದ ಬಳ್ಳಿಗೆ ಆ ಭಾಗ್ಯವಿಲ್ಲ. ಬೇಸಗೆಯಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಎರೆಯುವುದು ಆವಶ್ಯಕ. ಮಣ್ಣಿನ ಮೇಲೆ ಒಣ ತರಗನ್ನು ಹರಡಿದರೆ ಅರ್ಧ ಶ್ರಮ ಉಳಿಯುವುದು.

ಇಷ್ಟು ನಡೆದರೆ ಬಿತ್ತಿದ ಮೂವತ್ತೈದು ನಲವತ್ತನೆಯ ದಿನಕ್ಕೆ ಹೂ ಬರುವುದು. ತೊಡಕು ಆರಂಭವಾಗುವುದು ಇಲ್ಲಿಯೇ.

ಸೌತೆಯ ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಹಳದಿ, ಒಂದೇ ಐದು ಎಸಳು. ಹತ್ತಿರ ಹೋಗಿ ಹೂವಿನ ಹಿಂಭಾಗವನ್ನು ನೋಡಬೇಕು. ಹೂವಿನ ಕೆಳಗೆ ಬರಿಯ ಸಣ್ಣ ತೊಟ್ಟು ಮಾತ್ರವಿದ್ದರೆ ಅದು ಗಂಡು. ಇವು ಎಲೆಯ ಕಂಕುಳಲ್ಲಿ ನಾಲ್ಕೈದು ಗುಂಪಾಗಿ ಬರುವುವು. ಹೂವಿನ ಕೆಳಗೆ ಕಿರುಬೆರಳ ತುದಿಯಷ್ಟು, ಮೈಮೇಲೆ ಸುಣೆಯಂತೆ ಮುಳ್ಳು ತುಂಬಿದ, ಅಚ್ಚು ಸೌತೆಯ ರೂಪದ ಪೀಚೊಂದು ಇದ್ದರೆ ಅದು ಹೆಣ್ಣು. ಇದು ಹೆಚ್ಚಾಗಿ ಒಂಟಿಯಾಗಿಯೇ ಇರುವುದು. ಹೂ ಅರಳುವುದಕ್ಕೆ ಮೊದಲೇ ಪೀಚು ಕಾಣುತ್ತದೆ. ಇದರಿಂದಲೇ ಜನರಿಗೆ ಮೋಸ. ಪೀಚನ್ನು ಕಂಡವರು ಕಾಯಿ ಕಚ್ಚಿತೆಂದು ಹಿಗ್ಗುತ್ತಾರೆ. ಅದು ಇನ್ನೂ ಕಾಯಲ್ಲ, ಕಾಯಾಗಬೇಕೆಂಬ ಬಯಕೆ ಮಾತ್ರ. ಗಂಡು ಹೂವಿನ ಪರಾಗವು ಹೆಣ್ಣು ಹೂವಿನ ನಡುವಿರುವ ಮೂರು ಸೀಳಿನ ಶಲಾಕಾಗ್ರವನ್ನು ಮುಟ್ಟಿದ ಮೇಲೆಯೇ ಅದು ಬೆಳೆಯುವುದು. ಮುಟ್ಟದಿದ್ದರೆ ಎರಡು ಮೂರು ದಿನಗಳಲ್ಲಿ ಹಳದಿಗೆ ತಿರುಗಿ, ಸುಕ್ಕಿ, ಉದುರುವುದು.

ಮೊದಲ ಹತ್ತು ಹದಿನೈದು ದಿನಗಳು ಬಳ್ಳಿಯಲ್ಲಿ ಗಂಡು ಹೂಗಳೇ ಬರುವುದು ವಾಡಿಕೆ. ಅರಳಿದ ಗಂಡು ಹೂವಿನ ಆಯುಸ್ಸು ಒಂದೇ ದಿನ. ಮರುದಿನ ಉದುರುವುದು ಅದರ ಧರ್ಮ. ಕಾಗದ ಬರೆದ ಗೃಹಸ್ಥರ ಬಳ್ಳಿಯಲ್ಲಿ ಆದುದು ಇದೇ. ಅವರು ಬಂಜೆಯೆಂದು ಕಿತ್ತುಹಾಕಲು ಹೊರಟಿದ್ದ ಬಳ್ಳಿ ಬಂಜೆಯಲ್ಲ, ಇನ್ನೂ ಎಳೆಯದು. ನಾವು ಉತ್ತರ ಬರೆದ ಒಂಬತ್ತನೆಯ ದಿನ ಮೊದಲ ಹೆಣ್ಣು ಹೂ ಕಂಡಿತೆಂದು ಅವರಿಂದ ಇನ್ನೊಂದು ಕಾಗದ ಬಂದಿದೆ.

ಗಿಡಗಳಲ್ಲಿ ಗಂಡು ಹೆಣ್ಣೆಂಬ ಭೇದವುಂಟೆಂಬುದನ್ನು ಪರೀಕ್ಷೆ ಮಾಡಿ ತೋರಿಸಿದವನು ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದ ಪಂಡಿತ ಕಾಮೆರಾರಿಯಸ್. ಹರಳುಗಿಡದ ಗಂಡು ಹೂಗಳನ್ನು ಅರಳುವ ಮುನ್ನ ಬಿಡಿಸಿಹಾಕಿ, ಒಳ್ಳೆಯ ಬೀಜ ಕಟ್ಟದಿದ್ದುದನ್ನು ಕಂಡು, ಅವನು 1694ರಲ್ಲಿ ಅದನ್ನು ಪ್ರಕಟಿಸಿದನು. ನಮ್ಮ ಹಿತ್ತಿಲುಗಳಲ್ಲಿ ತಲೆತಲಾಂತರದಿಂದ ನಿಂತಿರುವ ಹರಳುಗಿಡವೇ ಇದಕ್ಕೆ ಸಾಕ್ಷಿಯಾಯಿತೆಂಬುದು ನಮಗೆ ಸಂತೋಷದ ಸಂಗತಿ. ಪರಾಗವನ್ನು ಹೊತ್ತು ತಿರುಗುವ ಕೆಲಸದಲ್ಲಿ ಕೀಟಗಳ ಪಾತ್ರವೆಷ್ಟೆಂಬುದನ್ನು ಶ್ಪ್ರೆಂಗೆಲ್ ಎಂಬ ಉಪಾಧ್ಯಾಯನು 1793ರಲ್ಲಿ ವಿಸ್ತಾರವಾಗಿ ಬರೆದನು. ಅವನ ಕಾಲದವರು ಆ ಪುಸ್ತಕವನ್ನು ಗಣಿಸಲಿಲ್ಲ. ಡಾರ್ವಿನ್ನನು ಎತ್ತಿ ಹಿಡಿದ ಮೇಲೆ ಅದಕ್ಕೆ ಬೆಲೆ ಬಂದಿತು.

ಸೌತೆಯ ಪರಾಗವು ಭಾರವಾದುದು, ಅಂಟಂಟಾದುದು. ಜೋಳದ ಪರಾಗದಂತೆ ಗಾಳಿಗೆ ಹಾರುವುದಿಲ್ಲ. ತುಡುವೆಯೋ, ಕೋಲುಜೇನೋ, ಮುಳ್ಳಿಲ್ಲದ ಸಣ್ಣ ನಸರುಜೇನೋ ಬಂದು ಹೊತ್ತೊಯ್ಯಬೇಕು. ಒಂದು ಸಲ ಬಂದರೆ ಸಾಲದು. ಒಂದೊಂದು ಪೀಚಿನೊಳಗೂ ಬೀಜವಾಗಬಲ್ಲ ನೂರಾರು ಕಣಗಳಿರುವುವು. ಅವುಗಳಲ್ಲಿ ಸಾಕಷ್ಟಕ್ಕೆ ಪರಾಗ ಸಿಕ್ಕಬೇಕಾದರೆ ಜೇನು ಎಂಟು ಹತ್ತು ಬಾರಿಯಾದರೂ ಆ ಹೂವಿಗೆ ಬರಬೇಕು. ಅರ್ಧ ಪರಾಗ ಸಿಕ್ಕಿದ ಕಾಯಿ ಅರ್ಧವೇ ಬೆಳೆಯುವುದು: ತೊಟ್ಟಿನ ಕಡೆ ದಪ್ಪ, ತುದಿಯ ಕಡೆ ಇಲಿಬಾಲ. ಇಂತಹ ಸೊಟ್ಟ ಕಾಯಿಗಳನ್ನು ಕಂಡು ಗೊಬ್ಬರ ಸಾಲದೆಂದು ಗೊಬ್ಬರ ಸುರಿಯುವವರುಂಟು. ಬಳ್ಳಿ ನೀರಿಲ್ಲದೆ ಬಾಡಿದಾಗಲೂ ಕಾಯಿ ಸೊಟ್ಟಗಾಗುವುದು ನಿಜ; ಆದರೆ ಮೊದಲು ನೋಡತಕ್ಕದ್ದು ಹೂವನ್ನು.

ಇನ್ನು ನಮ್ಮ ಮನೆಯ ಸಂಗತಿ.

ಈ ವರುಷದ ಬೇಸಗೆಯಲ್ಲಿ ಮಾಳಿಗೆಯ ಮೇಲೆ ನಾಲ್ಕು ಕುಂಡಗಳಲ್ಲಿ ಸೌತೆ ಹಾಕಿದ್ದೆವು. ಗಂಡು ಹೂಗಳ ಕಾಲ ಕಳೆದು ಹೆಣ್ಣು ಹೂಗಳು ಬರಹತ್ತಿದುವು. ನಮ್ಮ ಮನೆಯ ಎಂಟು ವರುಷದ ಹುಡುಗಿಗೆ ದಿನವೂ ಎದ್ದೊಡನೆ ಮಾಳಿಗೆಗೆ ಓಡಿ ಪೀಚುಗಳನ್ನು ಎಣಿಸುವುದೇ ಕೆಲಸವಾಯಿತು. ಮಕ್ಕಳು ಎಣಿಸುವಾಗ ಬೆರಳು ತೋರಿಸದೆ ಇರುವರೆ? ಮೂರು ದಿನಗಳಲ್ಲಿ ಎಣಿಸಿದ ಪೀಚುಗಳೆಲ್ಲ ಹಳದಿಯಾದುವು. ಮತ್ತೆ ಬಂದುವೂ ಹಾಗೆಯೇ ಹೋದುವು. ಪೀಚಿಗೆ ಬೆರಳು ತೋರಿಸಿದರೆ ಕೊಳೆಯುವುದೆಂಬ ನಂಬಿಕೆ ನಮ್ಮ ಕಡೆಯ ಹಿರಿಯರಲ್ಲಿ ಬಲವಾದುದು. ನಮ್ಮ ಮನೆಯ ಹಿರಿಯ ಅತ್ತೆಯವರು ಹುಡುಗಿಯನ್ನು ಕರೆದು, ಕೋಪದಿಂದಲ್ಲ, ನೊಂದ ದನಿಯಲ್ಲಿಯೇ, “ನಿನ್ನ ಬೆರಳಿಂದಲೇ ಕಣೇ” ಎಂದರು. ನಾವೂ ಅಲ್ಲಿಯೇ ಇದ್ದೆವು, ನಕ್ಕು ಸುಮ್ಮನಾದೆವು. ಆ ನಗೆ ತಪ್ಪು. ಅಂದಿನಿಂದ ಹುಡುಗಿ ಮಾಳಿಗೆಗೆ ಬರುವುದನ್ನು ಬಿಟ್ಟಳು. ಒಂದು ದಿನ ಬಲವಂತದಿಂದ ಕರೆದೊಯ್ದಾಗ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಬಳ್ಳಿಯ ಪೀಚು ಉದುರಿದುದಕ್ಕೆ ಒಂದು ಮಗುವನ್ನು ಹೊಣೆಮಾಡಿದ್ದೆವು. ಮುಟ್ಟಿನ ದಿನಗಳಲ್ಲಿ ಬಳ್ಳಿಯ ಬಳಿ ಸುಳಿದಳೆಂದು ಸೊಸೆಯ ಮೇಲೆ ಹೊರಿಸುವ ಮನೆಗಳೂ ಉಂಟೆಂಬುದನ್ನು ವಾಚಕರು ಅರಿಯದವರಲ್ಲ.

ಮರುದಿನ ಬೆಳಗ್ಗೆ ಆರೂವರೆಗೆ ಮಾಳಿಗೆಯ ಮೇಲೆ ಒಂದು ಮಣೆ ಹಾಕಿಕೊಂಡು ಕುಳಿತೆವು. ಒಂಬತ್ತರ ವರೆಗೆ ಕುಳಿತೆವು. ಹೂಗಳು ಚೆನ್ನಾಗಿ ಅರಳಿದ್ದುವು. ಒಂದು ಜೇನೂ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಆದರೆ ಗೋಡೆಯಾಚೆ ನೆರೆಯವರ ತುಳಸಿಯ ಕದಿರಿನ ಮೇಲೆ ಜೇನುಗಳು ಮುತ್ತಿದ್ದುವು. ಆಗ ನಮ್ಮ ದೃಷ್ಟಿ ಬಲೆಯ ಮೇಲೆ ಬಿದ್ದಿತು. ಕಾಯಿಕೊರೆವ ನೊಣದ ಹಾವಳಿಯನ್ನು ತಪ್ಪಿಸುವೆವೆಂದು ಸಣ್ಣ ಕಣ್ಣಿನ ನೈಲಾನು ಬಲೆಯನ್ನು ತಂದು ನಾಲ್ಕು ಕಡೆಯೂ ನೆಲಕ್ಕೆ ಮುಟ್ಟುವಂತೆ ಬಿಗಿದು ಕಟ್ಟಿದ್ದವರು ನಾವೇ. ನೊಣ ಬರಲಾಗದ ಕಡೆಗೆ ಜೇನು ಹೇಗೆ ಬರಬೇಕು? ಪೀಚುಗಳನ್ನು ಕೊಂದುದು ಹುಡುಗಿಯ ಬೆರಳಲ್ಲ, ನಮ್ಮ ಜಾಣತನ.

ಇದನ್ನು ಬಾಯಿಮಾತಿನಿಂದ ಅತ್ತೆಯವರಿಗೆ ಹೇಳಿದರೆ ಒಪ್ಪುವರೆಂಬ ನಂಬಿಕೆ ನಮಗಿರಲಿಲ್ಲ. ಹುಡುಗಿಯ ಮನಸ್ಸಿನ ಭಾರವೂ ಇಳಿಯುತ್ತಿರಲಿಲ್ಲ. ಆದುದರಿಂದ ಬಲೆಯನ್ನು ಒಂದು ವಾರ ಹಾಗೆಯೇ ಬಿಟ್ಟು, ಹುಡುಗಿಯ ಕೈಯಿಂದಲೇ ಒಂದು ಪರೀಕ್ಷೆ ಮಾಡಿಸಿದೆವು. ಆ ವಾರ ಅರಳಿದ ಹೆಣ್ಣು ಹೂಗಳು ಎಂಟು. ನಾಲ್ಕರ ತೊಟ್ಟಿಗೆ ಕೆಂಪು ದಾರ ಸುತ್ತಿದಳು, ನಾಲ್ಕಕ್ಕೆ ಬಿಳಿಯ ದಾರ. ಎಂಟಕ್ಕೂ ಅತ್ತೆಯವರ ಎದುರಿನಲ್ಲಿ ನೆಟ್ಟಗೆ ಬೆರಳು ತೋರಿಸಬೇಕೆಂದು ಹೇಳಿದೆವು. ಬಹಳ ಅಳುಕುತ್ತ ತೋರಿಸಿದಳು. ಕೆಂಪು ದಾರದವುಗಳಿಗೆ ಮಾತ್ರ ಪರಾಗ ಮುಟ್ಟಿಸಿದಳು.

ಮುಟ್ಟಿಸುವ ಕ್ರಮ ಸುಲಭ. ಬೆಳಗಿನ ಏಳರಿಂದ ಹತ್ತರ ಒಳಗೆ, ಅದೇ ದಿನ ಅರಳಿದ ಗಂಡು ಹೂವೊಂದನ್ನು ತೊಟ್ಟು ಸಹಿತ ಬಿಡಿಸಿಕೊಳ್ಳಬೇಕು. ಎಸಳುಗಳನ್ನು ಮೆಲ್ಲನೆ ಸುಲಿದುಹಾಕಿದರೆ ನಡುವಿನ ಕೇಸರಗಳು ಹೊರಬೀಳುವುವು. ಬೆರಳಿಗೆ ಒತ್ತಿ ನೋಡಿದರೆ ಹಳದಿಯ ಹುಡಿ ಅಂಟಬೇಕು; ಅಂಟದಿದ್ದರೆ ಇನ್ನೊಂದು ಹೂ ತೆಗೆದುಕೊಳ್ಳತಕ್ಕದ್ದು. ಅದನ್ನು ಅದೇ ದಿನ ಅರಳಿದ ಹೆಣ್ಣು ಹೂವಿನ ನಡುವೆ, ಮೂರು ಸೀಳಿಗೂ ತಗಲುವಂತೆ, ಕುಂಕುಮವಿಡುವಷ್ಟು ಮೃದುವಾಗಿ ಸವರಬೇಕು. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂಗಳನ್ನು ಬಳಸಿದರೆ ಕಾಯಿ ತುಂಬಿ ಬರುವುದು. ಮಧ್ಯಾಹ್ನದ ಬಿಸಿಲಾದ ಮೇಲೆ ಮಾಡಿದರೆ ಫಲ ಕಡಮೆ. ನಿನ್ನೆಯ ಹೂವಿಗೆ ಇಂದು ಮಾಡಿದರೆ ವ್ಯರ್ಥವೆಂದೇ ಹೇಳಬಹುದು.

ಐದನೆಯ ದಿನಕ್ಕೆ ಬಿಳಿಯ ದಾರದ ನಾಲ್ಕೂ ಹಳದಿಯಾಗಿದ್ದುವು. ಕೆಂಪು ದಾರದವುಗಳಲ್ಲಿ ಒಂದು ಹೋಯಿತು; ಮೂರು ಕೆಳಮುಖವಾಗಿ ಬಾಗಿ ಬೆರಳುದ್ದ ಬೆಳೆದಿದ್ದುವು. ಹುಡುಗಿ ಅಂದು ಶಾಲೆಗೆ ಹೋಗುವ ಮುನ್ನ ನಾಲ್ಕು ಸಲ ಮಾಳಿಗೆ ಹತ್ತಿ ಇಳಿದಳು. ಸಂಜೆ ಬಲೆಯನ್ನು ಬಿಚ್ಚಿದೆವು. ನೊಣದ ಕಾಟಕ್ಕೆ ಈಗ ಬೇರೆ ಉಪಾಯ ಮಾಡಿರುವೆವು: ಕಾಯಿ ಕಚ್ಚಿತೆಂದು ಖಚಿತವಾದ ಮೇಲೆ ಅದೊಂದಕ್ಕೆ ಮಾತ್ರ ತೆಳುಬಟ್ಟೆಯ ಸಣ್ಣ ಚೀಲ ಕಟ್ಟುವುದು. ಜೇನಿಗೂ ತಡೆಯಿಲ್ಲ, ನೊಣಕ್ಕೂ ಎಡೆಯಿಲ್ಲ. ನಮ್ಮ ಮನೆಯ ತುಳಸಿಯ ಕದಿರನ್ನು ಚಿವುಟುವುದನ್ನೂ ನಿಲ್ಲಿಸಿ, ಆ ಕುಂಡವನ್ನು ಸೌತೆಯ ಪಕ್ಕಕ್ಕೆ ಸರಿಸಿರುವೆವು. ಬೇವಿನೆಣ್ಣೆಯಂತಹ ಔಷಧಗಳನ್ನು ಸಿಂಪಡಿಸುವವರು ಹೂ ಮುಚ್ಚಿದ ಮೇಲೆ, ಸಂಜೆ ಮಾತ್ರ ಸಿಂಪಡಿಸಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುವೆವು. ಜಡಿಮಳೆ ಹಿಡಿದ ವಾರಗಳಲ್ಲಿ ಬಲೆಯಿಲ್ಲದಿದ್ದರೂ ಜೇನು ಬಾರದು. ಆಗ ಕೈಯೇ ಗತಿ.

ಗಂಡು ಹೆಣ್ಣು ಹೂಗಳ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಹಗಲು ದೀರ್ಘವಾಗಿ ಸೆಕೆ ಹೆಚ್ಚಾದಾಗ ಗಂಡು ಹೂಗಳು ಹೆಚ್ಚುವುವು. ಹಗಲು ಕುಗ್ಗಿ ತಂಪಾದಾಗ ಹೆಣ್ಣು ಹೂಗಳು ಹೆಚ್ಚುವುವು. ಸಾರಜನಕದ ಗೊಬ್ಬರ ಅತಿಯಾದರೆ ಬಳ್ಳಿ ಎಲೆಯಲ್ಲಿಯೇ ಮೆರೆದು ಕಾಯನ್ನು ಮರೆಯುವುದು. ಬಾಳೆಗೊನೆಗೆ ಹೊಗೆಹಾಕಿ ಹಣ್ಣುಮಾಡುವಾಗ ಕೆಲಸ ಮಾಡುವ ಎಥಿಲೀನ್ ಎಂಬ ಅನಿಲವೇ ಸೌತೆಯಲ್ಲಿ ಹೆಣ್ಣು ಹೂಗಳನ್ನು ಹೆಚ್ಚಿಸುವುದೆಂದು ವಿಜ್ಞಾನಿಗಳು ಕಂಡುಕೊಂಡಿರುವರು. ಇದನ್ನು ಓದಿ ಯಾರೂ ಮಾಳಿಗೆಯ ಮೇಲೆ ಹೊಗೆ ಹಾಕಲು ಹೊರಡಬಾರದು. ಬಳ್ಳಿಯೊಳಗೆ ಅದು ತಾನಾಗಿಯೇ ಹುಟ್ಟುವುದು.

ಅಂಗಡಿಯಲ್ಲಿ ಬೀಜ ಕೊಳ್ಳುವವರು ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು. ಹೆಚ್ಚುಕಡಮೆ ಹೆಣ್ಣು ಹೂಗಳನ್ನೇ ಬಿಡುವ ತಳಿಗಳು ಈಗ ಉಂಟು. ಅವು ಕಾಯಾಗಲು ಹತ್ತಿರದಲ್ಲಿ ಗಂಡು ಹೂ ಬಿಡುವ ಬೇರೊಂದು ಬಳ್ಳಿ ಬೇಕು. ಕೆಲವು ಪೊಟ್ಟಣಗಳಲ್ಲಿ ಅಂತಹ ಬೀಜಗಳನ್ನು ಬಣ್ಣಹಚ್ಚಿ ಬೆರಸಿರುತ್ತಾರೆ. ಅವು ಬೇರೆ ಬಣ್ಣದವೆಂದು ಎಸೆದವರು ಆಮೇಲೆ ಪರಿತಪಿಸುವರು. ಪರಾಗದ ಹಂಗಿಲ್ಲದೆಯೇ, ಬೀಜವಿಲ್ಲದ ಕಾಯಿ ಬಿಡುವ ತಳಿಗಳು ಇನ್ನೊಂದು ಬಗೆ. ಜೇನು ಸುಳಿಯದ ಎತ್ತರದ ಮಹಡಿಯವರಿಗೆ ಇವು ಅನುಕೂಲ, ಬೆಲೆ ಮಾತ್ರ ಹೆಚ್ಚು. ನಮಗೆ ಬೇಕಾದುದು ಹಳೆಯ ಬಗೆಯೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಶೀತಲ್ ಎಂಬ ತಳಿಯಲ್ಲಿ ಬೀಜವನ್ನು ಮನೆಯಲ್ಲಿಯೇ ಎತ್ತಿಡಬಹುದು.

ಪಕ್ಕದಲ್ಲಿ ಹಾಗಲಬಳ್ಳಿ ಇದ್ದರೆ ಸೌತೆ ಕಹಿಯಾಗುವುದೆಂದು ಹೇಳುವರು. ಹಾಗಲಿಗೂ ಸೌತೆಗೂ ಸಂಕರವೇ ಆಗದು. ಅಲ್ಲದೆ ಯಾವ ಪರಾಗ ಬಿದ್ದರೂ ಆ ಕಾಯಿಯ ತಿರುಳಿನ ರುಚಿ ಬಳ್ಳಿಯದೇ. ಕಹಿಗೆ ಕಾರಣ ತಳಿಯ ಗುಣ, ನೀರಿನ ಕೊರತೆ, ಬಿಸಿಲಿನ ತಾಪ. ಅದು ತೊಟ್ಟಿನ ಕಡೆಗೂ ಸಿಪ್ಪೆಯ ಕೆಳಗೂ ಹೆಚ್ಚು. ತುದಿ ಕತ್ತರಿಸಿ ನೊರೆ ಬರುವಂತೆ ಉಜ್ಜುವ ನಮ್ಮ ಪದ್ಧತಿಯಲ್ಲಿ ಉಜ್ಜುವುದಕ್ಕಿಂತ ಕತ್ತರಿಸಿದುದೇ ಪ್ರಯೋಜನವೆಂದು ನಮ್ಮ ಎಣಿಕೆ. ತೀರ ಕಹಿಯಾದ ಕಾಯನ್ನು ಮಕ್ಕಳಿಗೆ ಕೊಡಬಾರದು, ದೊಡ್ಡವರೂ ತಿನ್ನಬಾರದು, ಹೊಟ್ಟೆಗೆ ಕೇಡು.

ಪರಾಗ ಮುಟ್ಟಿದ ಎಂಟರಿಂದ ಹನ್ನೆರಡು ದಿನಗಳಲ್ಲಿ ಕಾಯಿ ಕೊಯ್ಲಿಗೆ ಬರುವುದು. ಬಲಿಯಲೆಂದು ಬಿಡಬಾರದು; ಒಂದು ಕಾಯಿ ಬಲಿತರೆ ಬಳ್ಳಿ ತನ್ನ ಕೆಲಸ ಮುಗಿಯಿತೆಂದು ಹೊಸ ಕಾಯಿಗಳನ್ನು ಕಡಮೆ ಮಾಡುವುದು. ಆದಕಾರಣ ಬೀಜಕ್ಕೆ ಬಿಡುವ ಕಾಯನ್ನು ಕೊನೆಗೆ ಆರಿಸಿಕೊಳ್ಳತಕ್ಕದ್ದು. ಅದು ಹಳದಿಯೋ ಕಂದೋ ಆಗುವ ವರೆಗೆ ಬಳ್ಳಿಯಲ್ಲಿಯೇ ಇರಲಿ. ಆಮೇಲೆ ಸೀಳಿ, ತಿರುಳನ್ನು ಒಂದೆರಡು ದಿನ ನೀರಿನಲ್ಲಿ ಹುಳಿಯಲು ಬಿಟ್ಟು, ತಳದಲ್ಲಿ ನಿಂತ ಬೀಜಗಳನ್ನು ತೊಳೆದು ನೆರಳಿನಲ್ಲಿ ಒಣಗಿಸುವುದು.

ನಮ್ಮ ಮಾಳಿಗೆಯಲ್ಲಿ ಕೆಂಪು ದಾರದ ಮೂರು ಕಾಯಿಗಳಲ್ಲಿ ಎರಡನ್ನು ಕೋಸಂಬರಿ ಮಾಡಿದೆವು. ಮೂರನೆಯದನ್ನು ಬೀಜಕ್ಕೆ ಬಿಡಬೇಕೆಂದು ಹುಡುಗಿಯ ಹಟ. ಬಳ್ಳಿ ಸೊರಗುವುದೆಂದು ನಾವು ಹೇಳಿದರೂ ಕೇಳಲಿಲ್ಲ, ಬಿಟ್ಟಿರುವೆವು. ಅತ್ತೆಯವರು ಬೆರಳಿನ ಮಾತನ್ನು ಮತ್ತೆ ಎತ್ತಿಲ್ಲ, ಬಿಟ್ಟುಕೊಟ್ಟೆನೆಂದೂ ಹೇಳಿಲ್ಲ. ಮೊನ್ನೆ ಬೆಳಗ್ಗೆ ತಾವಾಗಿಯೇ ಮಾಳಿಗೆಗೆ ಬಂದು, ಮಣೆಯ ಮೇಲೆ ಕುಳಿತು, ತೋರುಬೆರಳನ್ನು ಮಡಿಸಿ ಅದರ ಗೆಣ್ಣಿನಿಂದ ಬಳ್ಳಿಯ ಒಂದು ಮೂಲೆಯನ್ನು ತೋರಿಸಿ, “ಅಲ್ಲೊಂದು ಹೆಣ್ಣು ಅರಳಿದೆ, ನೀನು ನೋಡಲಿಲ್ಲ” ಎಂದು ಹುಡುಗಿಯನ್ನು ಕೂಗಿದರು.